ಹೊಸ ಏರ್ ಫಿಲ್ಟರ್ ಕೂರದಿದ್ದರೆ ಗುದ್ದಿ ಮುಚ್ಚಬೇಡಿ

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. 2015ರ ಸಣ್ಣ ಡೀಸೆಲ್ ಕಾರು ಇದೆ, 92 ಸಾವಿರ ಕಿ.ಮೀ. ಓಡಿದೆ. ಹೋದ ತಿಂಗಳು ದಾವಣಗೆರೆಯಲ್ಲಿ ಹೊಸ ಏರ್ ಫಿಲ್ಟರ್ ಕೊಂಡೆ. ಹಾಕಿಸುವಾಗ ಡಬ್ಬದ ಮುಚ್ಚಳ ಸರಿಯಾಗಿ ಕೂರಲಿಲ್ಲ. ಮೆಕ್ಯಾನಿಕ್ ಮುಷ್ಟಿಯಿಂದ ಗುದ್ದಿ ಕ್ಲಿಪ್ ಹಾಕಿದರು. "ನಾಕು ದಿನ ಓಡಿಸ್ರಿ, ತಾನೇ ಕುಂತ್ಕಂತತಿ" ಅಂದರು. ಮೊನ್ನೆ ನಾನೇ ಬಿಚ್ಚಿ ನೋಡಿದರೆ ಫಿಲ್ಟರ್ ದಾಟಿದ ಮೇಲಿನ ಪೈಪಿನಲ್ಲಿ ಕೆಂಪು ಧೂಳು. ಹೊಸದು ಹಾಕಿದರೂ ಪಿಕಪ್, ಮೈಲೇಜ್ ಏನೂ ಸುಧಾರಿಸಿಲ್ಲ. ಅಳತೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೆ ಅಷ್ಟು ತೊಂದರೆಯಾ? ಸರಿಯಾದ ಫಿಲ್ಟರ್ ಆರಿಸುವುದು ಹೇಗೆ? ತೊಳೆದು ಹಾಕುವಂಥದ್ದು ತಗೊಳ್ಳಲಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಹಳೇ ಫಿಲ್ಟರ್ ಇನ್ನೂ ಮನೆಯಲ್ಲಿದ್ದರೆ ಇವತ್ತೇ ಅದನ್ನು ವಾಪಸ್ ಹಾಕಿ. ಅದು ಕೊಳಕಾಗಿರಬಹುದು, ಆದರೆ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು. ಕೊಳಕಾದ ಫಿಲ್ಟರ್ ಗಾಳಿಯನ್ನು ಸ್ವಲ್ಪ ಕಮ್ಮಿ ಬಿಡುತ್ತದೆ. ಕೂರದ ಫಿಲ್ಟರ್ ಧೂಳನ್ನೇ ಒಳಗೆ ಬಿಡುತ್ತದೆ. ಹಳೇದನ್ನು ಬಿಸಾಕಿದ್ದರೆ ಸರಿಯಾದದ್ದು ಸಿಗುವ ತನಕ ಕಾರು ನಿಲ್ಲಿಸಿ. ಫಿಲ್ಟರ್ ಇಲ್ಲದೆ ಅಂತೂ ಒಂದು ನಿಮಿಷವೂ ಸ್ಟಾರ್ಟ್ ಮಾಡಬೇಡಿ.

ಅಳತೆಯ ಹೆಚ್ಚುಕಮ್ಮಿ ತೊಂದರೆಯಾ ಅಂತ ಕೇಳಿದ್ದೀರಿ. ಹೌದು, ತುಂಬಾ ತೊಂದರೆ. ನನ್ನ ಲೆಕ್ಕದಲ್ಲಿ ಫಿಲ್ಟರಿನ ಕಾಗದಕ್ಕಿಂತ ಅದರ ಸುತ್ತಲಿನ ರಬ್ಬರ್ ಅಂಚೇ ದೊಡ್ಡದು. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಇಂಜಿನ್ 1.3 ಲೀಟರಿನದು ಅಂದುಕೊಳ್ಳಿ. ಎರಡು ಸುತ್ತಿಗೆ ಒಂದು ಸಲ ಅದು ಅಷ್ಟು ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲಿ ಆರಾಮಾಗಿ ಹೋಗುತ್ತಿದ್ದರೂ ನಿಮಿಷಕ್ಕೆ 1300 ಲೀಟರ್ ಆಯಿತು. ಗಂಟೆಗೆ 78 ಸಾವಿರ ಲೀಟರ್. ಬೇಸಿಗೆಯಲ್ಲಿ ನಿಮ್ಮ ಕಡೆ ನೀರಿನ ಟ್ಯಾಂಕರ್ ಬರುತ್ತದಲ್ಲ, 5 ಸಾವಿರ ಲೀಟರಿನದು, ಅಂಥ ಹದಿನೈದು ಟ್ಯಾಂಕರಿಗೂ ಜಾಸ್ತಿ. ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ರೆಕ್ಕೆಯ ಸಾಧನ, ಇದ್ದರೆ ಇನ್ನೂ ಹೆಚ್ಚು. ಇಷ್ಟೂ ಗಾಳಿ ಆ ಒಂದು ಡಬ್ಬದ ಮೂಲಕವೇ ಹೋಗಬೇಕು.

ಒಳ್ಳೆಯ ಕಾಗದದ ಫಿಲ್ಟರ್, ಬರುವ ಧೂಳಿನ ತೂಕದಲ್ಲಿ ನೂರಕ್ಕೆ 99 ಭಾಗಕ್ಕೂ ಹೆಚ್ಚು ಹಿಡಿಯುತ್ತದೆ. ಇದನ್ನು ಅಳೆಯಲು ಐಎಸ್‌ಒ 5011 ಅಂತ ಒಂದು ಪರೀಕ್ಷೆಯೇ ಇದೆ. ಆದರೆ ಗಾಳಿಗೆ ಯಾವಾಗಲೂ ಸುಲಭದ ದಾರಿ ಬೇಕು. ರಬ್ಬರ್ ಅಂಚು ಒಂದು ಗೇಣು ಉದ್ದಕ್ಕೆ ಒಂದೇ ಒಂದು ಮಿಲಿಮೀಟರ್ ಎದ್ದು ನಿಂತಿದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಅದು ಎರಡು ಚದರ ಸೆಂಟಿಮೀಟರ್ ಆಗುತ್ತದೆ. ಅಂದರೆ ಫಿಲ್ಟರಿನ ನಡುವೆ ಬೆರಳು ತೂರುವಷ್ಟು ತೂತು ಕೊರೆದ ಹಾಗೆ. ಕಾಗದ ಎಷ್ಟು ಒಳ್ಳೆಯದಿದ್ದರೆ ಏನು ಬಂತು?

ನಮ್ಮ ಕಡೆಯ ಧೂಳಿನ ಬಗ್ಗೆಯೂ ಹೇಳಬೇಕು. ಹೆದ್ದಾರಿ 48ರಲ್ಲೇ ಚಿತ್ರದುರ್ಗ, ಹರಿಹರ ಅಂತ ಓಡಾಡುವ ಕಾರಿಗೂ ಜಗಳೂರಿನ ಒಳರಸ್ತೆಗಳಲ್ಲಿ ಓಡುವ ಕಾರಿಗೂ ಬಹಳ ವ್ಯತ್ಯಾಸ. ಆಷಾಢದ ಗಾಳಿಗೆ ಹೊಲದ ಮಣ್ಣೆಲ್ಲ ರಸ್ತೆಗೆ ಬರುತ್ತದೆ. ಸುಗ್ಗಿಯಲ್ಲಿ ಮೆಕ್ಕೆಜೋಳದ ಮಷಿನ್ ಹಿಂದೆ ಸಿಕ್ಕಿಕೊಂಡರೆ ಗಾಜಿನ ಆಚೆ ಏನೂ ಕಾಣುವುದಿಲ್ಲ. ಭೀಮಸಮುದ್ರದ ಕಡೆಯಿಂದ ಬರುವ ಕಾರುಗಳ ಫಿಲ್ಟರ್ ಬಿಚ್ಚಿದರೆ ಅದಿರಿನ ಧೂಳಿಗೆ ಕಾಗದವೇ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಸೊಪ್ಪು, ಹೊಟ್ಟು ನೋಡಲು ಜಾಸ್ತಿ ಕಾಣಿಸುತ್ತವೆ, ಆದರೆ ಅವು ಮೆತ್ತಗಿನವು. ಕೇಡು ಮಾಡುವುದು ಮಣ್ಣಿನಲ್ಲಿರುವ ಬೆಣಚುಕಲ್ಲಿನ ಪುಡಿ. ಅದು ಇಂಜಿನ್ನಿನ ಕಬ್ಬಿಣಕ್ಕಿಂತ ಗಟ್ಟಿ. ಅದರಲ್ಲೂ ಕಣ್ಣಿಗೆ ಕಾಣದ, 5ರಿಂದ 20 ಮೈಕ್ರಾನಿನ ಕಣಗಳು. ನಮ್ಮ ತಲೆಕೂದಲು ಸುಮಾರು 60 ಮೈಕ್ರಾನ್ ದಪ್ಪ, ಅದರಲ್ಲಿ ಹನ್ನೆರಡನೇ ಒಂದು ಭಾಗದಿಂದ ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಪಿಸ್ಟನ್ನಿನ ರಿಂಗಿಗೂ ಅದು ಆಡುವ ಸಿಲಿಂಡರಿನ ಒಳಗೋಡೆಗೂ (ಬೋರ್) ನಡುವೆ ಇರುವ ಆಯಿಲ್ ಪೊರೆ ಕೆಲವೇ ಮೈಕ್ರಾನಿನದು. ಈ ಕಣಗಳು ಆ ಪೊರೆಯೊಳಗೆ ಸೇರಿ ಮರಳು ಕಾಗದದ ಹಾಗೆ ಉಜ್ಜುತ್ತವೆ. ಅದಕ್ಕೂ ಮೊದಲು ಟರ್ಬೊದ ರೆಕ್ಕೆಗೆ ಬಡಿಯುತ್ತವೆ. ಆ ರೆಕ್ಕೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥದ್ದು.

ನಾನು ಕೆಲಸ ಕಲಿಯುವಾಗ ಒಂದು ಕಾರು ಬಂದಿತ್ತು. 70 ಸಾವಿರ ಕಿ.ಮೀ. ಕೂಡ ಆಗಿರಲಿಲ್ಲ. ಆಯಿಲ್ ಕುಡಿಯುತ್ತಿತ್ತು, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರುತ್ತಿತ್ತು. ಫಿಲ್ಟರ್ ಡಬ್ಬ ತೆಗೆದರೆ ಯಾರೋ ಗಿಡ್ಡ ಫಿಲ್ಟರ್ ಹಾಕಿ, ಉಳಿದ ಸಂದಿಗೆ ಹಾಸಿಗೆಯ ಸ್ಪಂಜ್ ತುಂಡು ತುರುಕಿದ್ದರು. ಸ್ಪಂಜ್ ಒಣಗಿ ಪುಡಿಯಾಗಿತ್ತು. ಬೋರ್ ಕೆಲಸಕ್ಕೇ ಹೋಯಿತು ಆ ಇಂಜಿನ್. ಮುನ್ನೂರು ನಾನೂರು ರೂಪಾಯಿಯ ಸಾಮಾನಿನಿಂದ ಹತ್ತಾರು ಸಾವಿರದ ಕೆಲಸ. ಆವತ್ತಿನಿಂದ ನಾನು ಫಿಲ್ಟರ್ ಬದಲಿಸುವಾಗ ಹೊಸದರ ಡಬ್ಬಿ ಒಡೆಯುವ ಮೊದಲು ಹಳೇದರ ಜಾಗ ನೋಡುತ್ತೇನೆ.

ಈಗ ನಿಮ್ಮ ಕಾರಿಗೆ ಬರೋಣ. ಮುಚ್ಚಳ ಕೂರದಿದ್ದರೆ ಫಿಲ್ಟರಿನದ್ದೇ ತಪ್ಪು ಅಂತ ತಕ್ಷಣ ಹೇಳುವ ಹಾಗಿಲ್ಲ. ತುಂಬಾ ಕಾರುಗಳಲ್ಲಿ ಮುಚ್ಚಳದ ಒಂದು ಬದಿಯಲ್ಲಿ ಎರಡು ಮೂರು ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮೊದಲು ಕೆಳಗಿನ ಡಬ್ಬದ ಗೂಡಿಗೆ ಸಿಕ್ಕಿಸಿ, ಆಮೇಲೆ ಎದುರು ಬದಿಯ ಕ್ಲಿಪ್ ಹಾಕಬೇಕು. ಹಿಂದಿನ ಬದಿ ಕೈಗೆ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಅವಸರದಲ್ಲಿ ಹಲ್ಲು ಹೊರಗೇ ಉಳಿಯುತ್ತದೆ. ಮುಂದಿನ ಕ್ಲಿಪ್ ಬಿಗಿಯಾಗಿ ಬಿದ್ದು ಎಲ್ಲ ಸರಿಯಾಯಿತು ಅನಿಸುತ್ತದೆ, ಹಿಂದೆ ಮಾತ್ರ ಬಾಯಿ ಬಿಟ್ಟಿರುತ್ತದೆ. ಮೊಬೈಲಿನ ಟಾರ್ಚ್ ಹಾಕಿ, ಕನ್ನಡಿ ಇದ್ದರೆ ಕನ್ನಡಿ ಹಿಡಿದು ಆ ಹಲ್ಲುಗಳನ್ನು ನೋಡಿ. ಗುದ್ದಿದಾಗ ಮುರಿದಿವೆಯಾ ಅಂತಲೂ ನೋಡಿ. ಮುರಿದಿದ್ದರೆ ಯಾವ ಫಿಲ್ಟರ್ ತಂದರೂ ಪ್ರಯೋಜನವಿಲ್ಲ, ಮುಚ್ಚಳ ಬದಲಿಸಬೇಕು.

ಆಮೇಲೆ ಡಬ್ಬದ ತಳ, ಅಂಚಿನ ತೋಡು (ಫಿಲ್ಟರಿನ ರಬ್ಬರ್ ಕೂರುವ ತಗ್ಗು) ನೋಡಿ. ಅಲ್ಲಿ ಒಣ ಎಲೆ, ಕಲ್ಲಿನ ಚೂರು ಸಿಕ್ಕಿಕೊಂಡಿದ್ದರೂ ಮುಚ್ಚಳ ಏಳುತ್ತದೆ. ಕಾಳು ಇಡುವ ಕೋಣೆಯ ಪಕ್ಕ ಕಾರು ನಿಲ್ಲಿಸುವವರ ಡಬ್ಬದಲ್ಲಿ ಇಲಿ ಗೂಡು ಕಟ್ಟಿರುತ್ತದೆ. ಮೆಕ್ಕೆಜೋಳದ ಕಾಳು ಬೊಗಸೆ ತುಂಬ ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ, ಕಾಗದವನ್ನೂ ಅರ್ಧ ತಿಂದಿತ್ತು. ಫಿಲ್ಟರ್ ತಲೆಕೆಳಗಾಗಿದ್ದರೂ ಹೀಗೇ. ಗಾಳಿ ಹೋಗುವ ದಿಕ್ಕಿಗೆ ಬಾಣದ ಗುರುತು ಇದ್ದರೆ ಅದನ್ನೇ ಅನುಸರಿಸಿ. ಗುರುತಿಲ್ಲದಿದ್ದರೆ ಹಳೇದು ಯಾವ ಮುಖ ಮೇಲಾಗಿತ್ತು ಅನ್ನುವುದೇ ಸಾಕ್ಷಿ.

ಇದೆಲ್ಲ ಸರಿ ಇದ್ದು, ಹಳೇ ಫಿಲ್ಟರ್ ಹಾಕಿದಾಗ ಮುಚ್ಚಳ ಸಲೀಸಾಗಿ ಕೂತರೆ ಹೊಸದೇ ತಪ್ಪು ಸಾಮಾನು. ಇಲ್ಲಿ ಒಂದು ಸೂಕ್ಷ್ಮ ಇದೆ. ಹೊಸ ರಬ್ಬರ್ ಹಳೇದಕ್ಕಿಂತ ಸ್ವಲ್ಪ ದಪ್ಪ ಇರುವುದು ಸಹಜ, ಯಾಕೆಂದರೆ ಹಳೇದು ಒತ್ತಿಸಿಕೊಂಡು ಚಪ್ಪಟೆಯಾಗಿರುತ್ತದೆ. ಹಾಗಾಗಿ ಹೊಸದಕ್ಕೆ ಒಂಚೂರು ಬಿಗಿ ಇರಬೇಕು. ಎಷ್ಟು ಬಿಗಿ ಅಂದರೆ ಒಂದು ಅಂಗೈಯಿಂದ ಮುಚ್ಚಳ ಒತ್ತಿ, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಕ್ಲಿಪ್ ಹಾಕುವಷ್ಟು. ಸ್ಕ್ರೂ ಡ್ರೈವರ್ ಮೀಟಬೇಕಾಯಿತು, ಮುಷ್ಟಿ ಬೇಕಾಯಿತು ಅಂದರೆ ಅದು ನಿಮ್ಮ ಕಾರಿನದಲ್ಲ. ನಾಲ್ಕು ದಿನದಲ್ಲಿ ತಾನೇ ಕೂರುವುದೂ ಇಲ್ಲ. ದಪ್ಪ ಫಿಲ್ಟರ್ ಮೇಲೆ ಬಲವಂತವಾಗಿ ಕ್ಲಿಪ್ ಹಾಕಿದರೆ ಪ್ಲಾಸ್ಟಿಕ್ ಮುಚ್ಚಳ ನಡುವೆ ಬಿಲ್ಲಿನ ಹಾಗೆ ಬಾಗುತ್ತದೆ. ಇಂಜಿನ್ ಬಿಸಿಗೆ ಆ ಬಾಗು ಖಾಯಂ ಆಗಿಬಿಡುತ್ತದೆ.

ಒಂದು ಲೆಕ್ಕದಲ್ಲಿ ನಿಮಗೆ ಒಳ್ಳೆಯದೇ ಆಯಿತು. ದೊಡ್ಡ ಫಿಲ್ಟರ್ ಮುಚ್ಚಳ ಎಬ್ಬಿಸಿ ಜಗಳ ತೆಗೆಯಿತು, ನೀವು ನೋಡಿದಿರಿ. ಚಿಕ್ಕ ಫಿಲ್ಟರ್ ಸುಮ್ನೆ ಒಳಗೆ ಬೀಳುತ್ತದೆ. ಮುಚ್ಚಳ ಬಹಳ ಚೆನ್ನಾಗಿ ಕೂರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಧೂಳು ಮಾತ್ರ ಸಂದಿಯಲ್ಲಿ ಹೋಗುತ್ತಲೇ ಇರುತ್ತದೆ. ಹಾಗಾಗಿ ಹೊಸ ಫಿಲ್ಟರ್ ತೋಡಿನೊಳಗೆ ಇಟ್ಟ ಮೇಲೆ, ಮುಚ್ಚುವ ಮೊದಲು, ಬೆರಳಿನಿಂದ ಆಚೆ ಈಚೆ ಅಲ್ಲಾಡಿಸಿ ನೋಡಿ. ನಾಲ್ಕೂ ಮೂಲೆಯಲ್ಲಿ ರಬ್ಬರ್ ಅಂಚು ತೋಡಿನ ತಳ ಮುಟ್ಟಿರಬೇಕು, ಜಾರಬಾರದು.

ಸರಿಯಾಗಿ ಕೂತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಲು ನಾನು ಮಾಡುವುದು ಇಷ್ಟೇ. ಮುಚ್ಚಳದ ಒಳಗಿನ ಅಂಚು, ಅಂದರೆ ರಬ್ಬರನ್ನು ಒತ್ತುವ ಪ್ಲಾಸ್ಟಿಕ್ ಏಣು, ಅದಕ್ಕೆ ಬೆರಳಿನಿಂದ ತೀರಾ ತೆಳ್ಳಗೆ ಗ್ರೀಸ್ ಸವರುತ್ತೇನೆ. ಮುಚ್ಚಿ, ಎಲ್ಲ ಕ್ಲಿಪ್ ಹಾಕಿ, ಮತ್ತೆ ಬಿಚ್ಚುತ್ತೇನೆ. ಇಂಜಿನ್ ಸ್ಟಾರ್ಟ್ ಮಾಡುವುದಿಲ್ಲ. ಈಗ ಫಿಲ್ಟರಿನ ರಬ್ಬರ್ ಮೇಲೆ ಗ್ರೀಸಿನ ಗೆರೆ ಮೂಡಿರುತ್ತದೆ. ಆ ಗೆರೆ ಎಲ್ಲೂ ಕಡಿಯದೆ ಸುತ್ತಲೂ ಬಂದಿರಬೇಕು. ಒಂದು ಮೂಲೆಯಲ್ಲಿ ಅರ್ಧ ಇಂಚು ಗೆರೆ ಇಲ್ಲ ಅಂದರೂ ಅಲ್ಲೇ ಧೂಳಿನ ದಾರಿ. ನೋಡಿದ ಮೇಲೆ ಗ್ರೀಸ್ ಪೂರ್ತಿ ಒರೆಸಿಬಿಡಿ, ಬಿಟ್ಟರೆ ರಬ್ಬರ್ ಉಬ್ಬಬಹುದು. ಮನೆಯಲ್ಲಿ ಗ್ರೀಸ್ ಇಲ್ಲದಿದ್ದರೆ ಲಿಪ್‌ಸ್ಟಿಕ್ ಕೂಡ ಆಗುತ್ತದೆ. ರಂಗೋಲಿ ಪುಡಿ ಮಾತ್ರ ಬೇಡ, ಅದು ಕಲ್ಲಿನ ಪುಡಿ.

ಕೊಳ್ಳುವಾಗ ಏನು ಮಾಡಬೇಕು? ಅಂಗಡಿಗೆ ಹೋಗಿ ಬರೀ ಕಾರಿನ ಹೆಸರು ಹೇಳಬೇಡಿ. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲಿಗೆ ಬೇರೆ, ಡೀಸೆಲಿಗೆ ಬೇರೆ ಫಿಲ್ಟರ್ ಇರುತ್ತದೆ. ಮಾಡೆಲ್ ಬದಲಾದ ವರ್ಷದ ಮೊದಲಿನದು, ನಂತರದ್ದು ಬೇರೆ ಇರಬಹುದು. ಇಂಜಿನ್ ಒಂದೇ ಅಂತ ಫಿಲ್ಟರೂ ಒಂದೇ ಅಂದುಕೊಳ್ಳುವುದು ಇನ್ನೊಂದು ತಪ್ಪು. ಫಿಯೆಟ್‌ನವರ 1.3 ಡೀಸೆಲ್ ಇಂಜಿನ್ ಸ್ವಿಫ್ಟ್‌ನಲ್ಲೂ ಇತ್ತು, ಇಂಡಿಕಾ ವಿಸ್ಟಾದಲ್ಲೂ ಇತ್ತು, ಪುಂಟೊದಲ್ಲೂ ಇತ್ತು. ಆದರೆ ಫಿಲ್ಟರ್ ಡಬ್ಬ ಮಾಡುವವರು ಆಯಾ ಕಾರಿನ ಕಂಪನಿಯವರು. ಡಬ್ಬ ಬೇರೆ ಆದರೆ ಫಿಲ್ಟರ್ ಬೇರೆ.

ಆರ್‌ಸಿಯಲ್ಲಿ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಇರುತ್ತದೆ. ಅದರ ಫೋಟೊ ತೆಗೆದುಕೊಂಡು ನಿಮ್ಮ ಕಾರಿನ ಕಂಪನಿಯ ಬಿಡಿಭಾಗದ ಕೌಂಟರಿಗೆ ಹೋಗಿ, ಏರ್ ಫಿಲ್ಟರಿನ ಪಾರ್ಟ್ ನಂಬರ್ ಕೇಳಿ. ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತಾರೆ. ಹಳೇ ನಂಬರ್ ಬದಲಾಗಿ ಹೊಸ ನಂಬರ್ ಬಂದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಆ ನಂಬರ್ ಕೈಯಲ್ಲಿದ್ದರೆ ಅಲ್ಲೇ ಕೊಳ್ಳಿ, ಅಥವಾ ದಾವಣಗೆರೆಯ ಪಿ.ಬಿ. ರಸ್ತೆಯ ಯಾವ ಸ್ಪೇರ್ಸ್ ಅಂಗಡಿಯಲ್ಲಿ ಬೇಕಾದರೂ ಕೊಳ್ಳಿ. ಬಾಷ್, ಮಾನ್, ಮಾಹ್ಲೆ, ಎಲೋಫಿಕ್ ತರಹದ ಫಿಲ್ಟರ್ ಕಂಪನಿಗಳು ಯಾವ ಮೂಲ ನಂಬರಿಗೆ ತಮ್ಮ ಯಾವ ನಂಬರ್ ಹೊಂದುತ್ತದೆ ಅಂತ ಪಟ್ಟಿ ಕೊಟ್ಟಿರುತ್ತವೆ. ಕಾರು ಕಂಪನಿಯ ಡಬ್ಬಿಯೇ ಆಗಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ನಂಬರ್ ಹೊಂದಬೇಕು, ಅಂಚು ಹೊಂದಬೇಕು. "ಇದೇ ಎಲ್ಲದಕ್ಕೂ ಆಗ್ತತಿ ಅಣ್ಣ" ಅಂತ ನಂಬರಿಲ್ಲದ ಪ್ಯಾಕೆಟ್ ಕೊಟ್ಟರೆ ಬೇಡ ಅನ್ನಿ.

ಹಳೇ ಫಿಲ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ತಗೊಂಡು ಹೋಗಿ. ಅಂಗಡಿಯ ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಸ್ಕೂಲ್ ಮಕ್ಕಳ ಸ್ಕೇಲ್ ಸಾಕು. ಉದ್ದ, ಅಗಲ ಎಲ್ಲರೂ ನೋಡುತ್ತಾರೆ. ನೀವು ಅಂಚಿನ ರಬ್ಬರಿನ ದಪ್ಪ, ಅಗಲ ನೋಡಿ. ಕಾಗದದ ನೆರಿಗೆಯ ಆಳ ನೋಡಿ, ಆಮೇಲೆ ನೆರಿಗೆಗಳನ್ನು ಎಣಿಸಿ. ಹಳೇದರಲ್ಲಿ 60 ಇದ್ದು ಹೊಸದರಲ್ಲಿ 42 ಇದ್ದರೆ ಅಷ್ಟು ಕಾಗದ ಉಳಿಸಿದ್ದಾರೆ ಅಂತ ಅರ್ಥ. ಅದು ಬೇಗ ಕಟ್ಟಿಕೊಳ್ಳುತ್ತದೆ. ಹಳೇದೇ ತಪ್ಪು ಸಾಮಾನಾಗಿರುವ ಸಂಭವವೂ ಇದೆ, ಅದಕ್ಕೇ ನಂಬರ್ ಮೊದಲು, ಹೋಲಿಕೆ ಆಮೇಲೆ.

ರಬ್ಬರಿಗೆ ಉಗುರು ಒತ್ತಿ ಬಿಡಿ. ತಗ್ಗು ತಕ್ಷಣ ಎದ್ದು ಬರಬೇಕು. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ ಇದ್ದರೆ ಅದು ಡಬ್ಬದ ತೋಡಿಗೆ ಹೊಂದಿಕೊಳ್ಳುವುದಿಲ್ಲ. ಅಂಚಿನಲ್ಲಿ ಗಾಳಿಗುಳ್ಳೆ, ತುಂಡು ಸೇರಿಸಿದ ಜಾಗದಲ್ಲಿ ಬಿರುಕು, ಕಾಗದ ಅಂಚಿನಿಂದ ಬಿಟ್ಟುಕೊಂಡಿರುವುದು, ಇವು ಯಾವುದೂ ಇರಬಾರದು. ಬಾಗಿಲ ಹತ್ತಿರ ಬಿಸಿಲಿಗೆ ಎತ್ತಿ ಹಿಡಿಯಿರಿ. ಕಾಗದ ಒಂದೇ ಸಮ ಮಂಕಾಗಿ ಹೊಳೆಯಬೇಕು, ಚುಕ್ಕಿಯಂಥ ಬೆಳಕು ಎಲ್ಲೂ ತೂರಬಾರದು. ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಿಸಿದ ತಿಂಗಳು, ತಯಾರಕರ ವಿಳಾಸ ಇಲ್ಲದಿದ್ದರೆ, ಅಕ್ಷರ ಕಲಸಿಕೊಂಡಿದ್ದರೆ ಡೂಪ್ಲಿಕೇಟ್ ಅಂತಲೇ ಅನುಮಾನಿಸಿ. ಬಿಲ್ ಕೇಳಿ ತಗೊಳ್ಳಿ. ಹಾಂ, ಎಸಿ ಫಿಲ್ಟರ್ ಬೇರೆ ಸಾಮಾನು. ಡ್ಯಾಶ್‌ಬೋರ್ಡ್ ಹಿಂದೆ ಕೂರುವ ಅದನ್ನೂ ಕೆಲವರು ಏರ್ ಫಿಲ್ಟರ್ ಅನ್ನುತ್ತಾರೆ. ಇಂಜಿನ್‌ದು ಅಂತ ಬಿಡಿಸಿ ಹೇಳಿ.

ತೊಳೆದು ಹಾಕುವ ಫಿಲ್ಟರ್ ನಿಮಗೆ ಬೇಡ. ಅದು ಎಣ್ಣೆ ಸವರಿದ ಹತ್ತಿಬಟ್ಟೆಯದು. ಗಾಳಿ ಸಲೀಸಾಗಿ ಬಿಡುತ್ತದೆ ನಿಜ, ಆದರೆ ಸಣ್ಣ ಧೂಳನ್ನು ಹಿಡಿಯುವುದರಲ್ಲಿ ಒಳ್ಳೆಯ ಕಾಗದಕ್ಕೆ ಸಮ ಬರುವುದಿಲ್ಲ. ಜಗಳೂರಿನ ರಸ್ತೆಗೆ ಆ ವ್ಯತ್ಯಾಸ ಸಣ್ಣದಲ್ಲ. ತೊಳೆದ ಮೇಲೆ ಎಣ್ಣೆ ಜಾಸ್ತಿ ಹಾಕಿದರೆ ಗಾಳಿ ಅಳೆಯುವ ಸೆನ್ಸರಿನ ಸಣ್ಣ ತಂತಿಗೆ ಮೆತ್ತಿಕೊಂಡು ಲೆಕ್ಕ ತಪ್ಪುತ್ತದೆ. ಹಾಗಂತ ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಲೂ ಬೇಡಿ. ಆಯುಧ ಪೂಜೆಗೆ ಬಾನೆಟ್ ಎತ್ತಿ ಜೆಟ್ ಪೈಪ್ ಹಿಡಿಸುತ್ತಾರಲ್ಲ, ಆಗಲೂ ಡಬ್ಬದ ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳಿ.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಮತ್ತೆ ಹಾಕುವ ಅಭ್ಯಾಸವೂ ನನಗೆ ಇಷ್ಟವಿಲ್ಲ. ಅಲ್ಲಿನ ಕಂಪ್ರೆಸರ್ 100 ಪಿಎಸ್‌ಐಗೂ ಮೇಲೆ ಇರುತ್ತದೆ. ಹತ್ತಿರ ಹಿಡಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ನಿಮ್ಮ ಕಾರಿನ ಪುಸ್ತಕದಲ್ಲಿ ಗಾಳಿ ಹೊಡೆಯಿರಿ ಅಂತಿದ್ದರೆ ಕಮ್ಮಿ ಗಾಳಿ ಇಟ್ಟು, ಒಂದಡಿ ದೂರದಿಂದ, ಶುದ್ಧ ಗಾಳಿಯ ಬದಿಯಿಂದ ಕೊಳಕಿನ ಬದಿಗೆ ಹೊಡೆಯಬೇಕು. ಮೆಲ್ಲಗೆ ತಟ್ಟಿ ಸೊಪ್ಪು ಸದೆ ಉದುರಿಸಿದರೆ ಸಾಕು. ಕಾಗದ ಬೂದು ಬಣ್ಣಕ್ಕೆ ತಿರುಗಿದೆ ಅಂತ ಗಾಬರಿ ಬೇಡ. ಮೇಲೆ ಕೂತ ತೆಳು ಧೂಳಿನ ಪದರವೂ ಧೂಳು ಹಿಡಿಯುತ್ತದೆ. ಸ್ವಲ್ಪ ಓಡಿದ ಫಿಲ್ಟರ್ ಹೊಚ್ಚಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಸುಮ್ಸುಮ್ನೆ ವಾರಕ್ಕೊಮ್ಮೆ ಬಿಚ್ಚಿದರೆ ಹಲ್ಲು, ಕ್ಲಿಪ್ ಸಡಿಲವಾಗುವುದೇ ಲಾಭ. ಪುಸ್ತಕದಲ್ಲಿ ಸಾಮಾನ್ಯವಾಗಿ 30-40 ಸಾವಿರ ಕಿ.ಮೀ.ಗೆ ಬದಲಿಸಿ ಅಂತಿರುತ್ತದೆ, ಧೂಳಿನ ಕಡೆ ಬೇಗ ಅಂತಲೂ ಇರುತ್ತದೆ. ನಿಮ್ಮ ಓಡಾಟಕ್ಕೆ 5 ಸಾವಿರಕ್ಕೊಮ್ಮೆ ನೋಡಿ, 15 ಸಾವಿರಕ್ಕೆ ಬದಲಿಸಿ ಅಂತ ನಾನು ಹೇಳುತ್ತೇನೆ.

ಮೈಲೇಜ್ ಸುಧಾರಿಸದಿದ್ದಕ್ಕೆ ಬೇಜಾರಾಗಬೇಡಿ. ಈಗಿನ ಕಾರುಗಳಲ್ಲಿ ಬರುವ ಗಾಳಿಗೆ ತಕ್ಕಂತೆ ಕಂಪ್ಯೂಟರೇ ಇಂಧನ ಬಿಡುತ್ತದೆ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿ, ಫಿಲ್ಟರ್ ಕಟ್ಟಿಕೊಂಡರೂ ಹೊಸ ತರಹದ ಇಂಜೆಕ್ಷನ್ ಪೆಟ್ರೋಲ್ ಕಾರುಗಳ ಮೈಲೇಜ್ ಹೆಚ್ಚೇನೂ ಇಳಿಯುವುದಿಲ್ಲ, ಪಿಕಪ್ ಇಳಿಯುತ್ತದೆ ಅಂತ ಕಂಡುಕೊಂಡರು. ನಿಮ್ಮ ಪಿಕಪ್ ಸಮಸ್ಯೆ ಬೇರೆ ಕಡೆ ಇರಬಹುದು. ಡಬ್ಬದಿಂದ ಟರ್ಬೊಗೆ ಹೋಗುವ ಹೋಸ್ ಪೈಪಿನ ಕ್ಲಾಂಪ್ ಬಿಗಿ ಇದೆಯಾ, ಪೈಪ್ ಮಡಿಕೆಗಳಲ್ಲಿ ಸೀಳಿದೆಯಾ ನೋಡಿಸಿ. ಅಲ್ಲಿ ಸೋರಿದರೆ ಪಿಕಪ್ಪೂ ಹೋಗುತ್ತದೆ, ಧೂಳೂ ಫಿಲ್ಟರ್ ದಾಟದೆಯೇ ಒಳಗೆ ಬರುತ್ತದೆ. ಸೆನ್ಸರ್ ಮೇಲೆ ಧೂಳು ಕೂತಿದ್ದರೆ ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಗೊತ್ತಿದ್ದವರ ಕೈಯಲ್ಲಿ ಸ್ವಚ್ಛ ಮಾಡಿಸಿ, ಬಟ್ಟೆ ಮುಟ್ಟಿಸಬೇಡಿ.

ಪೈಪಿನಲ್ಲಿ ಕಂಡ ಧೂಳನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಕಪ್ಪಗೆ, ಎಣ್ಣೆ ಎಣ್ಣೆಯಾಗಿ, ನುಣ್ಣಗಿದ್ದರೆ ಚಿಂತೆಯಿಲ್ಲ. ಇಂಜಿನ್ನಿನ ಆವಿ ಬರುವ ಪೈಪ್ ಅಲ್ಲೇ ಸೇರುತ್ತದೆ, ಡೀಸೆಲ್ ಕಾರಿನಲ್ಲಿ ಅದು ಮಾಮೂಲು. ಒಣಗಿ, ಕೆಂಪಗೆ, ತರಿತರಿ ಅನಿಸಿದರೆ ಅದು ರಸ್ತೆಯ ಮಣ್ಣೇ. ನೀವು ಬರೆದದ್ದು ನೋಡಿದರೆ ಇದೇ ಅನಿಸುತ್ತದೆ. ಪೈಪ್ ಬಿಚ್ಚಿ, ನೂಲು ಬಿಡದ ಒದ್ದೆ ಬಟ್ಟೆಯಿಂದ ಒಳಗೆಲ್ಲ ಒರೆಸಿ, ಒಣಗಿಸಿ ಹಾಕಿಸಿ. ಗಾಳಿ ಹೊಡೆಯಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತದೆ. ಇಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರನ್ನು ಈ ಸಲ ಸಮಯಕ್ಕೆ ಕಾಯದೆ ಬದಲಿಸಿ. ಆಮೇಲೆ ಸಾವಿರ ಕಿ.ಮೀ.ಗೊಮ್ಮೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿ, ಆಯಿಲ್ ಎಷ್ಟು ಇಳಿಯಿತು ಅಂತ ಬರೆದಿಡಿ. ಒಂದು ತಿಂಗಳಷ್ಟೇ ಓಡಿಸಿದ್ದೀರಿ, ಬೇಗ ಕಂಡುಹಿಡಿದಿದ್ದೀರಿ. ಅಂಥ ದೊಡ್ಡ ಹಾನಿ ಆಗಿರಲಿಕ್ಕಿಲ್ಲ.

ತಪ್ಪು ಫಿಲ್ಟರನ್ನು ಬಿಲ್ ಸಮೇತ ಅಂಗಡಿಗೆ ತಗೊಂಡು ಹೋಗಿ. ಹಳೇದನ್ನೂ, ಪಾರ್ಟ್ ನಂಬರ್ ಬರೆದ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ. ಅಳತೆಯ ವ್ಯತ್ಯಾಸ ಸ್ಕೇಲಿಟ್ಟು ತೋರಿಸಿ ನಿಧಾನವಾಗಿ ಮಾತಾಡಿ. ಬದಲಿಸಿ ಕೊಟ್ಟರೆ ಸರಿ. ಕೊಡದಿದ್ದರೂ ಅದನ್ನು ಮತ್ತೆ ಕಾರಿಗೆ ಹಾಕಬೇಡಿ. ಹೊಸದು ಹಾಕಿದ ದಿನ ಅದರ ರಬ್ಬರ್ ಅಂಚಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು, ಕಿ.ಮೀ. ಬರೆಯಿರಿ. 500 ಕಿ.ಮೀ. ಆದ ಮೇಲೆ ಒಮ್ಮೆ ಮುಚ್ಚಳ ತೆಗೆದು, ಒರೆಸಿಟ್ಟ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ ನೋಡಿ. ಬಟ್ಟೆಗೆ ಕೆಂಪು ಹತ್ತದಿದ್ದರೆ ಫಿಲ್ಟರ್ ಸರಿಯಾಗಿ ಕೂತಿದೆ.